ನೀಲಿ ಕೋಳಿಗೆ ಕಪ್ಪು ಹುಂಜ

ಸ್ಪೇನ್ ಮೂಲದ ಆಂಡಲೂಸಿಯನ್ ಕೋಳಿಯದು ಮಳೆಮೋಡದಂಥ ಬೂದುನೀಲಿ ಮೈಬಣ್ಣ. ಒಂದೊಂದು ಗರಿಯ ಅಂಚಿಗೂ ಕಡುಬಣ್ಣದ ಗೆರೆ. ಈ ಚೆಲುವಿಗೆ ಮರುಳಾಗಿ ನೀಲಿ ಹುಂಜವನ್ನೂ ನೀಲಿ ಹೇಂಟೆಗಳನ್ನೂ ತಂದು ಹಿತ್ತಲಲ್ಲಿ ಬಿಟ್ಟವರಿಗೆ ಮೊದಲ ಮರಿಗಳೇ ಗೊಂದಲ ಹುಟ್ಟಿಸುತ್ತವೆ. ಅರ್ಧದಷ್ಟು ಮರಿಗಳು ಮಾತ್ರ ನೀಲಿ. ಕಾಲುಭಾಗ ಅಪ್ಪಟ ಕಪ್ಪು, ಇನ್ನು ಕಾಲುಭಾಗ ಬೆಳ್ಳನೆಯವು. ಈ ಬಿಳಿಯವು ಬೆಳೆದಂತೆ ಮೈಮೇಲೆ ಅಲ್ಲಲ್ಲಿ ಬೂದು ಚುಕ್ಕೆ ಎರಚಿದಂತೆ ಕಾಣುತ್ತದೆ. ಅದಕ್ಕೇ ಸಾಕಣೆದಾರರು ಇವನ್ನು ಸ್ಪ್ಲ್ಯಾಶ್ ಎನ್ನುತ್ತಾರೆ.

ತಳಿ ಬೆರಕೆಯಾಗಿದೆ ಎಂದುಕೊಂಡು ಕಪ್ಪು, ಬಿಳಿ ಮರಿಗಳನ್ನೆಲ್ಲ ಮಾರಿ, ನೀಲಿಯನ್ನಷ್ಟೇ ಉಳಿಸಿಕೊಂಡರೂ ಮುಂದಿನ ಪೀಳಿಗೆಯಲ್ಲಿ ಮತ್ತೆ ಅದೇ ಪಾಲು. 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಮತ್ತು ರೆಜಿನಾಲ್ಡ್ ಪನೆಟ್ ಈ ಒಗಟನ್ನು ಮೆಂಡಲನ ನಿಯಮದಿಂದ ಬಿಡಿಸಿದರು. ಗರಿಗೆ ಕಪ್ಪು ಬಣ್ಣ ಕೊಡುವುದು ಮೆಲನಿನ್. ‘ನೀಲಿ’ ವಂಶವಾಹಿ ಹೊಸ ಬಣ್ಣವನ್ನೇನೂ ತಯಾರಿಸುವುದಿಲ್ಲ, ಇರುವ ಕಪ್ಪನ್ನೇ ತಿಳಿಗೊಳಿಸುತ್ತದೆ. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಅದು ಬಂದರೆ ಮರಿ ನೀಲಿ. ಇಬ್ಬರಿಂದಲೂ ಬಂದರೆ ಬಣ್ಣ ಬಹುತೇಕ ಅಳಿಸಿಹೋಗಿ ಸ್ಪ್ಲ್ಯಾಶ್. ಯಾರಿಂದಲೂ ಬರದಿದ್ದರೆ ಕಪ್ಪು. ಪಠ್ಯಪುಸ್ತಕಗಳು ಇದನ್ನು ಅಪೂರ್ಣ ಪ್ರಾಬಲ್ಯ ಎನ್ನುತ್ತವೆ.

ಹಾಗಾಗಿ ನೀಲಿ ಬಣ್ಣವನ್ನು ಆಯ್ಕೆಯಿಂದ ಸ್ಥಿರಗೊಳಿಸಲಾಗದು. ಬೇಡವೆಂದು ಮಾರಿದ ಮರಿಗಳಲ್ಲೇ ಪರಿಹಾರವಿತ್ತು! ಕಪ್ಪು ಹುಂಜವನ್ನು ಸ್ಪ್ಲ್ಯಾಶ್ ಹೇಂಟೆಯ ಜೊತೆ ಬಿಟ್ಟರೆ ಪ್ರತಿ ಮರಿಗೂ ಒಂದೇ ಒಂದು ‘ನೀಲಿ’ ವಂಶವಾಹಿ ಸಿಗುತ್ತದೆ, ಮರಿಗಳೆಲ್ಲ ನೀಲಿಯೇ. ನೀಲಿ–ನೀಲಿ ಜೋಡಿಯಲ್ಲಾದರೆ ನಾಲ್ಕು ಮರಿ ಒಡೆದು ಬಂದರೂ ಒಂದೂ ನೀಲಿಯಾಗಿರದ ಸಂಭವ 16ರಲ್ಲಿ 1. ಹತ್ತಾರು ಮೊಟ್ಟೆಗಳಷ್ಟೇ ಇರುವ ಹಿತ್ತಲಿನಲ್ಲಿ ಈ ವ್ಯತ್ಯಾಸ ದೊಡ್ಡದು.

ಜೋಡಿ ಬದಲಿಸಿದ ಮಾತ್ರಕ್ಕೆ ಮರುದಿನದ ಮೊಟ್ಟೆಯನ್ನು ನಂಬುವಂತಿಲ್ಲ. ಹೇಂಟೆಯ ಅಂಡನಾಳದ ಸೂಕ್ಷ್ಮ ಕೊಳವೆಗಳಲ್ಲಿ ಹಳೆಯ ಹುಂಜದ ವೀರ್ಯಾಣುಗಳು ಎರಡು ವಾರಕ್ಕೂ ಹೆಚ್ಚು ಕಾಲ ಜೀವಂತವಾಗಿರಬಲ್ಲವು. ಮೂರು–ನಾಲ್ಕು ವಾರ ಕಾದು ಮೊಟ್ಟೆ ಕೂಡಿಡುವುದು ಕ್ಷೇಮ. ಕೂಡಿಟ್ಟ ಮೊಟ್ಟೆಗಳು ವಾರ ದಾಟಿದರೆ ಮರಿಯಾಗುವ ಪ್ರಮಾಣ ಇಳಿಯತೊಡಗುತ್ತದೆ.

ಆಂಡಲೂಸಿಯನ್ ಹೇಂಟೆಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಕಾವಿಗೆ ಕೂತ ಬೇರೆ ತಳಿಯ ಹೇಂಟೆಯ ಅಡಿಗೆ ಮೊಟ್ಟೆ ಇಡಬೇಕು, ಇಲ್ಲವೇ ಇನ್‌ಕ್ಯುಬೇಟರ್ ಬೇಕು. ಫ್ಯಾನ್ ಇರುವ ಯಂತ್ರದಲ್ಲಿ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಕಾವಿಟ್ಟು, ದಿನಕ್ಕೆ ಹಲವು ಸಲ ಮೊಟ್ಟೆ ಹೊರಳಿಸಬೇಕು. ಹಾಗೆ ಮಾಡದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುವ ಅಪಾಯವಿದೆ. 18ನೇ ದಿನಕ್ಕೆ ಹೊರಳಿಸುವುದನ್ನು ನಿಲ್ಲಿಸಿ ತೇವಾಂಶ ಹೆಚ್ಚಿಸಬೇಕು. 21ನೇ ದಿನದ ಸುಮಾರಿಗೆ ಚಿಪ್ಪು ಒಡೆದು ಮರಿ ಹೊರಬಂದು ಮೈ ಆರುತ್ತಿದ್ದಂತೆ, ನಯಗೂದಲಿನ ಬೂದು, ಕಪ್ಪು, ಮಸುಕು ಬಿಳಿ ಛಾಯೆಗಳಲ್ಲೇ ಲೆಕ್ಕ ತಾಳೆ ನೋಡಬಹುದು.

ನೋಡಲು ಹೀಗೆಯೇ ತಿಳಿಬೂದಾಗಿರುವ ಲ್ಯಾವೆಂಡರ್ ಬಣ್ಣದ ಕತೆಯೇ ಬೇರೆ. ಅಲ್ಲಿ ಕೆಲಸ ಮಾಡುವುದು ಅಪ್ರಬಲ ವಂಶವಾಹಿ. ಮೆಲನಿನ್ ಕಣಗಳು ಗರಿಗೆ ಸಮನಾಗಿ ಸಾಗದಂತೆ ಅದು ಮಾಡುತ್ತದೆ. ಲ್ಯಾವೆಂಡರ್ ಜೋಡಿಗೆ ಹುಟ್ಟುವುದೆಲ್ಲ ಲ್ಯಾವೆಂಡರ್. ಆದರೆ ಅದನ್ನು ಅಪ್ಪಟ ಕಪ್ಪಿನೊಂದಿಗೆ ಕೂಡಿಸಿದರೆ ಮರಿಗಳೆಲ್ಲ ಕಪ್ಪು. ಬೂದು ಹುಂಜ ಕೊಳ್ಳುವವರು ಅದರ ಮರಿಗಳ ಬಣ್ಣವನ್ನೂ ವಿಚಾರಿಸಿದರೆ ಒಂದು ವರ್ಷದ ಶ್ರಮ ಉಳಿದೀತು.