ಜವೆಗೋಧಿಯ ಮನೆಬ್ರೆಡ್ಡು: ತಿಳಿದು ಮಾಡೋಣ, ತಿಳಿದು ಉಣ್ಣೋಣ

ಕಾಶಿಗೆ ಬರುವ ಕನ್ನಡಿಗರಿಗೆ ಹನುಮಾನ್ ಘಾಟ್, ಕೇದಾರ ಘಾಟ್‌ಗಳ ದಕ್ಷಿಣದವರ ಓಣಿಗಳೂ ಜಂಗಮವಾಡಿ ಮಠವೂ ಚಿರಪರಿಚಿತ. ಅಲ್ಲಿಂದ ಅಸ್ಸಿ ಘಾಟ್‌ನತ್ತ ನಡೆದರೆ, ವಿದೇಶೀ ಯಾತ್ರಿಕರನ್ನು ನೆಚ್ಚಿಕೊಂಡ ಬೇಕರಿಗಳಲ್ಲಿ ಕಂದುಬಣ್ಣದ ಗಟ್ಟಿ ಬ್ರೆಡ್ಡು ಕಾಣಸಿಗುತ್ತದೆ. ಯೂರೋಪಿನವರು ‘ಸ್ಪೆಲ್ಟ್’ ಎನ್ನುವ ಪುರಾತನ ಗೋಧಿಯಿಂದ ಇಂತಹ ಬ್ರೆಡ್ಡನ್ನು ಮನೆಯಲ್ಲಿಯೇ ಮಾಡಬಹುದೇ ಎಂದು ನಮ್ಮ ಕುಟುಂಬಗಳಲ್ಲಿ ಕೇಳುವವರುಂಟು. ಅಗತ್ಯವಾಗಿ ಮಾಡಬಹುದು. ಆದರೆ ಹಿಟ್ಟನ್ನು ಪರದೇಶದಿಂದ ತರಿಸಬೇಕಾಗಿಲ್ಲ. ಅದರ ನಿಕಟ ಬಂಧು ನಮ್ಮ ನಾಡಿನಲ್ಲಿಯೇ ಇದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಲ್ಲಿ ಬೆಳೆಯುವ ಜವೆಗೋಧಿಯೇ ಆ ಬಂಧು. ಸದಕ, ಖಪಲಿ ಎಂಬ ಹೆಸರುಗಳೂ ಇದಕ್ಕಿವೆ. ಹುಗ್ಗಿ, ಶಾವಿಗೆಗಳಿಗೆ ಇದೇ ಶ್ರೇಷ್ಠವೆಂಬುದು ಉತ್ತರ ಕರ್ನಾಟಕದವರ ಅನುಭವ. ಸಸ್ಯಶಾಸ್ತ್ರದ ಪ್ರಕಾರ ಇದು ‘ಎಮ್ಮರ್’. ಇದರ ವರ್ಣತಂತುಗಳು ೨೮. ಸ್ಪೆಲ್ಟ್‌ಗೆ ಸಾಮಾನ್ಯ ಗೋಧಿಯಂತೆಯೇ ೪೨. ಆದರೂ ಇವೆರಡಕ್ಕೂ ಒಂದು ಸಮಾನ ಲಕ್ಷಣವುಂಟು: ಒಕ್ಕಿದರೂ ಹೊಟ್ಟು ಕಾಳನ್ನು ಬಿಡುವುದಿಲ್ಲ, ಬೇರೆಯಾಗಿ ಕುಟ್ಟಿ ತೆಗೆಯಬೇಕು. ೧೯೬೦ರ ದಶಕದಿಂದೀಚೆಗೆ ಹೆಚ್ಚು ಇಳುವರಿಯ ಗಿಡ್ಡ ತಳಿಗಳು ಬಂದ ಮೇಲೆ ಜವೆಗೋಧಿ ಹಿಂದೆ ಸರಿಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿಡಿಕೆ ೧೦೨೫, ಡಿಡಿಕೆ ೧೦೨೯ ಮುಂತಾದ ತಳಿಗಳ ಮೂಲಕ ಅದನ್ನು ಉಳಿಸಿಕೊಂಡು ಬಂದಿದೆ.

ವಾರಾಣಸಿಯಲ್ಲಿ ಕೊಳ್ಳುವಾಗ ‘ಖಪಲಿ’ ಎಂದೇ ಕೇಳಬೇಕು. ‘ಜವೆ’ ಎಂದರೆ ಅಂಗಡಿಯವರು ‘ಜೌ’ ಎಂದು ತಿಳಿದು ಬಾರ್ಲಿಯನ್ನು ಕೊಟ್ಟಾರು!

ಬ್ರೆಡ್ಡು ಉಬ್ಬಲು ಕಾರಣ ಗೋಧಿಯಲ್ಲಿರುವ ಗ್ಲುಟನ್ ಎಂಬ ಅಂಟು. ಯೀಸ್ಟ್ ಹೊರಬಿಡುವ ಅನಿಲವನ್ನು ಅದು ಬಲೆಯಂತೆ ಹಿಡಿದಿಡುತ್ತದೆ. ಸ್ಪೆಲ್ಟ್ ಮತ್ತು ಜವೆಗೋಧಿಗಳಲ್ಲಿ ಈ ಬಲೆ ದುರ್ಬಲ. ಬಹಳ ನಾದಿದರೆ ಹರಿಯುತ್ತದೆ. ಆದಕಾರಣ ಮೊದಲ ಪ್ರಯತ್ನಕ್ಕೆ ಅರ್ಧದಷ್ಟು ಸಾಮಾನ್ಯ ಗೋಧಿಹಿಟ್ಟನ್ನು ಬೆರೆಸುವುದು ಲೇಸು.

ಜವೆಗೋಧಿ ಹಿಟ್ಟು ೨೫೦ ಗ್ರಾಂ, ಗೋಧಿಹಿಟ್ಟು ೨೫೦ ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಒಂದೂವರೆ ಚಹಾಚಮಚ, ಉಪ್ಪು ಒಂದೂವರೆ ಚಹಾಚಮಚ, ಎಣ್ಣೆ ಎರಡು ದೊಡ್ಡ ಚಮಚ, ನೀರು ಸುಮಾರು ೩೩೦ ಮಿಲಿಲೀಟರ್. ಎಲ್ಲವನ್ನೂ ಕಲಸಿ ೨೦ ನಿಮಿಷ ಮುಚ್ಚಿಡಿ. ಅನಂತರ ನಾಲ್ಕೈದು ನಿಮಿಷ ಮಾತ್ರ ಮೃದುವಾಗಿ ನಾದಿ. ಕಣಕ ಒಂದೂಮುಕ್ಕಾಲರಷ್ಟು ಉಬ್ಬಿದಾಗ ಎರಡು ಚಿಕ್ಕ ತಗಡಿನ ಅಚ್ಚುಗಳಿಗೆ ಹಾಕಿ. ಮತ್ತೆ ಅಚ್ಚಿನ ಅಂಚಿನವರೆಗೆ ಏರಿದ ಮೇಲೆ, ಮೊದಲೇ ಕಾಯಿಸಿದ ಓವನ್ನಿನಲ್ಲಿ ೨೦೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ೩೫ ನಿಮಿಷ ಬೇಯಿಸಿ. ತಳವನ್ನು ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಪೂರ್ಣ ಆರಿದ ಮೇಲೆಯೇ ಕೊಯ್ಯಿರಿ. ಬಿಸಿಯಲ್ಲಿ ಕೊಯ್ದರೆ ಒಳಗೆ ಅಂಟಂಟಾಗುತ್ತದೆ.

ಇಲ್ಲಿ ಗಡಿಯಾರಕ್ಕಿಂತ ಋತುವೇ ಮುಖ್ಯ. ಮೇ-ಜೂನ್‌ನಲ್ಲಿ ‘ಲೂ’ ಬೀಸುವಾಗ ಯೀಸ್ಟನ್ನು ಅರ್ಧಕ್ಕಿಳಿಸಿ ತಣ್ಣೀರು ಬಳಸಬೇಕು, ಒದ್ದೆ ಬಟ್ಟೆ ಹೊದಿಸಬೇಕು. ಇಲ್ಲವಾದರೆ ಕಣಕ ಬೇಗನೆ ಹುಳಿಯಾಗಿ ಕುಸಿಯುತ್ತದೆ. ಜನವರಿಯ ಮಂಜಿನಲ್ಲಿ ಎರಡು-ಮೂರು ಗಂಟೆ ಕಾಯಬೇಕಾದೀತು. ಬಿಸಿನೀರಿನ ಪಾತ್ರೆಯ ಪಕ್ಕದಲ್ಲಿಟ್ಟರೆ ಅನುಕೂಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ‘ಪುರಾತನ ಗೋಧಿಯಲ್ಲಿ ಗ್ಲುಟನ್ ಇಲ್ಲ’ ಎಂಬ ಪ್ರಚಾರ ಶುದ್ಧ ತಪ್ಪು. ಸ್ಪೆಲ್ಟ್ ಆಗಲಿ ಜವೆಗೋಧಿಯಾಗಲಿ, ಎರಡೂ ಗೋಧಿಯೇ. ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಸೀಲಿಯಾಕ್ ರೋಗವಿದೆಯೆಂದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ. ಅಂಥವರ ಸಣ್ಣ ಕರುಳಿಗೆ ಈ ಬ್ರೆಡ್ಡಿನ ಒಂದು ತುಣುಕೂ ಹಾನಿಕರ. ಮನೆಯಲ್ಲಿ ಅಂತಹ ಮಗುವಿದ್ದರೆ ಜೋಳ, ರಾಗಿ, ಅಕ್ಕಿಯೇ ಗತಿ. ಅವನ್ನೂ ಗೋಧಿ ಬೀಸುವ ಗಿರಣಿಯಲ್ಲಿ ಬೀಸಿಸಬಾರದು. ಮಧುಮೇಹಿಗಳೂ ‘ಖಪಲಿ ಸಕ್ಕರೆಯನ್ನು ಏರಿಸದು’ ಎಂದು ನಂಬಿ ಅಳತೆ ಮೀರಬಾರದು, ಔಷಧಿಯನ್ನಂತೂ ಬಿಡಲೇಬಾರದು.

ಉಳಿದವರಿಗೆ ಇದು ನಾರಿನಂಶವುಳ್ಳ, ರುಚಿಕರವಾದ ಆಹಾರ. ಅಂಗಡಿಯ ಬ್ರೆಡ್ಡಿನಂತೆ ಹತ್ತಿಯಷ್ಟು ಹಗುರವಾಗಲಿಲ್ಲವೆಂದು ಬೇಸರಿಸಬೇಡಿ. ತುಸು ಗಟ್ಟಿಯಾಗಿ, ನಸುಸಿಹಿಯಾಗಿ ಇರುವುದೇ ಅದರ ಸ್ವಭಾವ. ಬೆಣ್ಣೆ ಸವರಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ನೋಡಿ.