ಅಂಗಳದ ಅನಾಮಿಕ ಸಸಿಗಳು

ಮಳೆ ಹಿಡಿದು ಎರಡು ವಾರವಾದರೆ ನಮ್ಮ ಕಾಸರಗೋಡಿನ ಅಂಗಳಗಳಲ್ಲಿ ಯಾರೂ ನೆಡದ ಸಸಿಗಳು ಏಳುತ್ತವೆ. ಬಿತ್ತಿದವರು ಬಾವಲಿ, ಕಾಗೆ, ಅಳಿಲುಗಳು. ಕೀಳುವುದೋ, ಬಿಡುವುದೋ? ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯದ ಆಳುಗಳಿಗೂ ಇದೇ ಅವಸರವಿತ್ತು. ಕಳೆಯೊಂದಿಗೆ ಗೋದಿಯೂ ಕಿತ್ತು ಬಂದೀತೆಂದು ಯಜಮಾನ ತಡೆದ.

ಮೊಳಕೆಯ ಮೊದಲ ಎಲೆಗಳನ್ನು ನಂಬಬೇಡಿ, ನಾಲ್ಕೈದು ಎಲೆ ಬರಲಿ. ಹಲಸು ಆಗಲೂ ಮೋಸ ಮಾಡೀತು: ಎಳೆಯ ಗಿಡದ ಎಲೆ ಕೆಲವೊಮ್ಮೆ ಸೀಳಿಕೊಂಡಿರುತ್ತದೆ. ಚಿವುಟಿದರೆ ಬಿಳಿ ಹಾಲು ಬರುತ್ತದೆ. ಎಲೆ ಒರಟಾಗಿ ರೋಮವಿದ್ದರೆ ಹೆಬ್ಬಲಸು ಇರಬಹುದು. ಒಂದೇ ಗೊರಟಿನಿಂದ ಮೂರ್ನಾಲ್ಕು ಮಾವಿನ ಸಸಿ ಎದ್ದರೆ ಎಸೆಯಬೇಡಿ. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಗುಣವನ್ನೇ ಪಡೆದಿರುತ್ತವೆ.

ಆದರೆ ಕಂಡದ್ದನ್ನೆಲ್ಲ ಹಿಸುಕಿ ಮೂಸುವ ನಮ್ಮ ಅಭ್ಯಾಸ ಒಳ್ಳೆಯದಲ್ಲ. ಚೇರಿನ ಸೊನೆ ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಮೊದಲು ಎಲೆತೊಟ್ಟು ನೋಡಿ, ಚೇರಿಗೆ ಅಲ್ಲಿ ಮುಳ್ಳಿನಂಥ ಎರಡು ಪುಟ್ಟ ಮೊನೆಗಳಿರುತ್ತವೆ.

ಇನ್ನು ಕಾಸರಕ. ಕಾಸರಗೋಡಿಗೆ ಹೆಸರು ಬಂದದ್ದೇ ಇದರಿಂದ ಎನ್ನುವವರಿದ್ದಾರೆ. ಎಲೆಗಳು ಎದುರುಬದುರು, ಒಳ್ಳೆಯ ಹೊಳಪು, ಬುಡದಿಂದಲೇ ಮೂರೋ ಐದೋ ನರ. ಅಂಗಿಯ ಗುಂಡಿಯಂಥ ಅದರ ಚಪ್ಪಟೆ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ. ಹಣ್ಣು ಮಾತ್ರ ಕಿತ್ತಳೆ ಬಣ್ಣ, ಮಕ್ಕಳ ಕಣ್ಣಿಗೆ ಚೆಂದ. ಮಕ್ಕಳಾಡುವ ಅಂಗಳದಲ್ಲಿ ಈ ಗಿಡ ಬೇಡವೇ ಬೇಡ. ಗುಡ್ಡದ ಅಂಚಿನಲ್ಲಿದ್ದರೆ ಇರಲಿ, ಮಂಗಟ್ಟೆ ಹಕ್ಕಿಗೆ ಅದರ ತಿರುಳು ಆಹಾರ.

ಮೊಬೈಲಿನ ಆ್ಯಪ್ ಎಳೆಯ ಸಸಿಯಲ್ಲಿ ಎಡವುವುದುಂಟು. ಮದ್ದಿನ ಸೊಪ್ಪು ಬಲ್ಲ ನೆರೆಮನೆಯ ಅಜ್ಜಿಯನ್ನೂ ಒಮ್ಮೆ ಕೇಳಿ. ಬಾವಿಕಟ್ಟೆಯ ಬಿರುಕಿನಲ್ಲಿ ಅಶ್ವತ್ಥವೋ ಆಲವೋ ಕಂಡರೆ ಮಾತ್ರ ಯಾರನ್ನೂ ಕೇಳುತ್ತ ಕೂರದೆ, ಬೇರು ಕಲ್ಲನ್ನು ಸೀಳುವ ಮೊದಲೇ ಕಿತ್ತುಬಿಡಿ.