ಎಬಿಸಿಡಿಗೂ ಮೊದಲು ಡಬ್ಬಿಯ ಮುಚ್ಚಳ

ಎಲ್‌ಕೆಜಿ ಸೇರಿದ ಮೊದಲ ವಾರ ನನ್ನ ಮಗಳು ಮನೆಗೆ ಬಂದವಳೇ ಬ್ಯಾಗು ಸಮೇತ ಬಚ್ಚಲಿಗೆ ಓಡುತ್ತಿದ್ದಳು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆವರೆಗೂ ತಡೆದುಕೊಂಡೇ ಇರುತ್ತಿದ್ದಳು. ನೀರಿನ ಬಾಟಲಿ ಒಂದು ಗುಟುಕೂ ಕಡಿಮೆಯಾಗದೆ ವಾಪಸ್ ಬರುತ್ತಿತ್ತು. ಐದನೇ ದಿನ ಕಾರಣ ಗೊತ್ತಾಯಿತು. ಮನೆಯಲ್ಲಿ ನಾವು ‘ಉಚ್ಚೆ’ ಅನ್ನುತ್ತೇವೆ, ತರಗತಿಯಲ್ಲಿ ಮಿಸ್ ‘ವಾಶ್‌ರೂಮ್’ ಅನ್ನುತ್ತಿದ್ದರು. ಮಿಸ್ ಕೇಳುತ್ತಿದ್ದದ್ದು ಅದನ್ನೇ ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಇಪ್ಪತ್ತಾರು ಅಕ್ಷರ, ಐವತ್ತರವರೆಗೆ ಎಣಿಕೆ, ಬಣ್ಣಗಳ ಹೆಸರು ಎಲ್ಲ ಬಾಯಿಪಾಠ ಮಾಡಿಸಿ ಕಳಿಸಿದ್ದೆ. ದಿನಕ್ಕೆ ಮೂರು ಸಲ ಬೇಕಾಗುವ ಮಾತೊಂದನ್ನು ಕಲಿಸಿರಲಿಲ್ಲ.

ಅಕ್ಷರ ಕಲಿಸುವುದಕ್ಕೆ ಶಾಲೆ ಇದೆ. ತನ್ನ ಮೈಯನ್ನು ತಾನು ನೋಡಿಕೊಳ್ಳುವುದು, ಬೇಕಾದ್ದನ್ನು ಹೊಸಬರ ಹತ್ತಿರ ಬಾಯಿಬಿಟ್ಟು ಕೇಳುವುದು, ಅಮ್ಮ ಹೋದರೂ ಬರುತ್ತಾಳೆಂದು ನಂಬುವುದು, ಈ ಮೂರನ್ನು ಮಾತ್ರ ಮನೆಯೇ ಕಲಿಸಬೇಕು.

ಮೊದಲು ವಯಸ್ಸಿನ ಲೆಕ್ಕ ಮುಗಿಸಿಬಿಡೋಣ. ಒಂದನೇ ತರಗತಿಗೆ ಸೇರುವ ವರ್ಷದ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಎಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. 2025-26ರ ಸಾಲಿನಲ್ಲಿ ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಿಗೆ ಸಡಿಲಿಕೆ ಸಿಕ್ಕಿತ್ತು. ಅಂಥ ಸಡಿಲಿಕೆ ಮತ್ತೆ ಸಿಕ್ಕೀತೆಂದು ನಂಬಿ ಕೂರಬೇಡಿ. ಹಿಂದಕ್ಕೆ ಎಣಿಸಿದರೆ ಎಲ್‌ಕೆಜಿಗೆ 4 ವರ್ಷ ಆಗಿರಬೇಕಾಗುತ್ತದೆ. ಮೂರು ಮುಗಿಯುತ್ತಲೇ ಎಲ್‌ಕೆಜಿಗೆ ತಳ್ಳಿದರೆ ಒಂದನೇ ತರಗತಿಯ ಬಾಗಿಲಲ್ಲಿ ಒಂದು ವರ್ಷ ನಿಲ್ಲಬೇಕಾಗಬಹುದು. ಇನ್ನು, 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳ ಶಾಲಾ ದಾಖಲಾತಿಗೆ ಜನನ ಪ್ರಮಾಣಪತ್ರವೇ ಆಧಾರ. ಆಸ್ಪತ್ರೆಯಲ್ಲಿ ನೋಂದಣಿ ಮಾಡಿಸುವಾಗ ಇನ್ನೂ ನಾಮಕರಣ ಆಗಿರುವುದಿಲ್ಲ, ಹಾಗಾಗಿ ಎಷ್ಟೋ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಇವತ್ತೇ ತೆಗೆದು ನೋಡಿ. ಹೆಸರು ಇಲ್ಲದಿದ್ದರೆ ದಾಖಲಾತಿಯ ಗಡಿಬಿಡಿಗೆ ಮುಂಚೆ ಸೇರಿಸಿಕೊಳ್ಳಿ.

ಈಗ ಬಚ್ಚಲ ವಿಷಯ. ಶಾಲೆಯಲ್ಲಿ ಯಾವ ಪದ ಬಳಸುತ್ತಾರೆಂದು ಮೊದಲೇ ಕೇಳಿ, ಅದೇ ಪದವನ್ನು ಮನೆಯಲ್ಲಿ ಹದಿನೈದು ದಿನ ಬಳಸಿ. ಜೊತೆಗೆ ಮಗು ಮನೆಯಲ್ಲಿ ಏನನ್ನುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮಿಸ್ ಕೈಗೆ ಕೊಡಿ. ಬೆಂಗಳೂರಿನಲ್ಲಿ ಮಿಸ್‌ನ ಮನೆಮಾತು ತಮಿಳೋ ಹಿಂದಿಯೋ ಆಗಿರಬಹುದು, ‘ಒಂದಕ್ಕೆ’, ‘ಎರಡಕ್ಕೆ’ ಅಂದರೆ ಅವರಿಗೂ ಗೊತ್ತಾಗಬೇಕಲ್ಲ. ಮನೆಯಲ್ಲಿ ಕಮೋಡ್ ಇದ್ದು ಶಾಲೆಯಲ್ಲಿ ಕುಕ್ಕರುಗಾಲಲ್ಲಿ ಕೂರುವ ಶೌಚಾಲಯವಿದ್ದರೆ, ಅಥವಾ ಇದು ತಿರುಗುಮುರುಗಾಗಿದ್ದರೆ, ಎರಡನ್ನೂ ಅಭ್ಯಾಸ ಮಾಡಿಸಬೇಕು. ಫ್ಲಶ್ಶಿನ ಸದ್ದಿಗೇ ಹೆದರುವ ಮಕ್ಕಳಿದ್ದಾರೆ. ಬೆಲ್ಟು, ಗಟ್ಟಿ ಗುಂಡಿ, ಹುಕ್ಕು ಇರುವ ಚಡ್ಡಿ ಈ ವಯಸ್ಸಿಗೆ ಶತ್ರು. ಸಮವಸ್ತ್ರ ಹೊಲಿಸುವಾಗ ಸೊಂಟಕ್ಕೆ ಎಲಾಸ್ಟಿಕ್ ಹಾಕಿಸಿ. ಇದು ಬರೀ ಅನುಕೂಲದ ಮಾತಲ್ಲ. ದಿನಾ ತಡೆದುಕೊಳ್ಳುವ, ನೀರು ಕುಡಿಯದ ಮಗುವಿಗೆ ಮಲಬದ್ಧತೆ, ಉರಿಮೂತ್ರ ಬೇಗ ಅಂಟಿಕೊಳ್ಳುತ್ತವೆ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿ ಹೇಳಿ: ತೊಳೆಯುವುದಕ್ಕೆ ಆಯಾ ಸಹಾಯ ಮಾಡಬಹುದು, ಬೇರೆ ಯಾರೂ ಮುಟ್ಟಕೂಡದು, ಮುಟ್ಟಿದರೆ ಅಮ್ಮನಿಗೆ ಬಂದು ಹೇಳಬೇಕು.

ಊಟದ ಡಬ್ಬಿಯನ್ನು ನಾವು ಅಂಗಡಿಯಲ್ಲಿ ನಿಂತು ಚಿತ್ರ ನೋಡಿ ಕೊಳ್ಳುತ್ತೇವೆ. ಅಲ್ಲೇ ಮಗುವಿನ ಕೈಗೆ ಕೊಟ್ಟು ‘ತೆಗಿ ನೋಡೋಣ ಪುಟ್ಟಾ’ ಅನ್ನಬೇಕು. ನಾಲ್ಕೂ ಕಡೆ ಕ್ಲಿಪ್ ಇರುವ ಡಬ್ಬಿಯನ್ನು ನಾಲ್ಕು ವರ್ಷದ ಹೆಬ್ಬೆರಳು ಎಬ್ಬಿಸಲಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇನ್ನೊಂದು ತೊಂದರೆ. ಹಬೆಯಾಡುವ ಉಪ್ಪಿಟ್ಟು ಹಾಕಿ ಅದುಮಿ ಮುಚ್ಚುತ್ತೇವೆ, ಅದು ಆರುತ್ತಾ ಆರುತ್ತಾ ಒಳಗಿನ ಗಾಳಿ ಕುಗ್ಗಿ ಮುಚ್ಚಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮನೆಯಲ್ಲಿ ಸಲೀಸಾಗಿ ಬಂದ ಮುಚ್ಚಳ ಶಾಲೆಯಲ್ಲಿ ಜಪ್ಪಯ್ಯ ಅಂದರೂ ಬರುವುದಿಲ್ಲ. ಮಗು ಮುಚ್ಚಳ ಸವರಿ ಸುಮ್ಮನೆ ಕೂತು ವಾಪಸ್ ತರುತ್ತದೆ, ನಾವು ‘ತಿಂದೇ ಇಲ್ಲ’ ಅಂತ ಗದರುತ್ತೇವೆ. ತಿಂಡಿ ಆರಿಸಿ ಹಾಕಿ. ಶಾಲೆ ಶುರುವಾಗುವ ಮುಂಚಿನ ಒಂದು ವಾರ ಮನೆಯಲ್ಲೇ ನೆಲದ ಮೇಲೆ ಕೂರಿಸಿ, ಅದೇ ಡಬ್ಬಿಯಿಂದ, ಯಾರೂ ತುತ್ತು ಕೊಡದೆ, ಮೊಬೈಲಿಲ್ಲದೆ ತಿನ್ನಲು ಬಿಡಿ. ಚೆಲ್ಲಲಿ. ಅಜ್ಜಿಯಂದಿರಿಗೆ ಇದು ನೋಡಲಾಗದ ದೃಶ್ಯ, ಅವರಿಗೂ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

ಬರವಣಿಗೆಗೆ ಅಂತ ಪೆನ್ಸಿಲ್ ಹಿಡಿಸಿ ಗೆರೆ ತಿದ್ದಿಸುವವರಿಗೆ ನನ್ನದೊಂದು ಕೋರಿಕೆ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿರುತ್ತವೆ. ನಾಲ್ಕು ವರ್ಷದ ಮಗುವಿನಲ್ಲಿ ಅವುಗಳಲ್ಲಿ ಹಲವು ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ, ಪೂರ್ತಿ ಗಟ್ಟಿಯಾಗಲು ಇನ್ನೂ ವರ್ಷಗಳು ಬೇಕು. ಆ ಕೈಯಿಂದ ಪುಟಗಟ್ಟಲೆ ಬರೆಸಿದರೆ ಕೈ ನೋಯುತ್ತದೆ, ಬರೆಯುವುದರ ಮೇಲೆಯೇ ಮುನಿಸು ಬರುತ್ತದೆ. ಬೆರಳಿಗೆ ಬಲ ಬರಿಸುವ ಕೆಲಸ ನಮ್ಮ ಅಡುಗೆಮನೆಯಲ್ಲೇ ಇದೆ. ಸಂಕ್ರಾಂತಿ ಹೊತ್ತಿಗೆ ಅವರೆಕಾಯಿ ಬರುತ್ತದಲ್ಲ, ನೆನೆಸಿದ ಕಾಳನ್ನು ಮಗುವಿನ ಮುಂದೆ ಒಂದು ಬಟ್ಟಲಲ್ಲಿಡಿ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಚಿಮ್ಮುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಎಷ್ಟು ಒತ್ತಬೇಕೆಂಬ ಅಳತೆ ಹತ್ತನೇ ಕಾಳಿನ ಹೊತ್ತಿಗೆ ತಾನಾಗಿ ಬರುತ್ತದೆ. ಜೂನ್‌ನಲ್ಲಿ ಪೆನ್ಸಿಲ್ ಹಿಡಿಯಲು ಬೇಕಾಗುವುದೂ ಇದೇ ಬೆರಳುಗಳ ಇದೇ ಒತ್ತು. ಅವರೆ ಕಾಲ ಮುಗಿದಿದ್ದರೆ ಚಪಾತಿ ಹಿಟ್ಟಿನ ಉಂಡೆ, ಬೆಳ್ಳುಳ್ಳಿ ಸುಲಿಯುವುದು, ರಂಗೋಲಿ ಪುಡಿ ಉದುರಿಸುವುದು ಯಾವುದಾದರೂ ಆಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ 3ರಿಂದ 8 ವರ್ಷದವರೆಗಿನ ಕಲಿಕೆಗೆ ಆಟವನ್ನೂ ಮನೆಮಾತನ್ನೂ ತಳಪಾಯ ಮಾಡಿಕೊಂಡಿದೆ.

ಆಟ, ಮನೆಮಾತು ಎರಡೂ ಸಿಗುವ ಅಂಗನವಾಡಿಯ ಬಗ್ಗೆ ಪಟ್ಟಣದವರಿಗೆ ಯಾಕೋ ಒಂದು ತಾತ್ಸಾರ. ದೇಶದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಮೂರು ವರ್ಷ ತುಂಬಿದ ಮಗುವಿಗೆ ಮನೆ ಹತ್ತಿರ, ಕನ್ನಡದಲ್ಲಿ, ದುಡ್ಡಿಲ್ಲದೆ, ಸಾಲಿನಲ್ಲಿ ಕೂತು ಉಣ್ಣುವುದನ್ನೂ ಆಟಿಕೆ ಹಂಚಿಕೊಳ್ಳುವುದನ್ನೂ ಕಲಿಸುವ ಜಾಗ ಅದು. ಹತ್ತಿರದಲ್ಲೊಂದು ಚೊಕ್ಕವಾಗಿ ನಡೆಯುತ್ತಿದ್ದರೆ ನಾನಂತೂ ದುಬಾರಿ ಪ್ಲೇಹೋಮಿಗಿಂತ ಮೊದಲು ಅಲ್ಲಿಗೇ ಕಳಿಸುತ್ತೇನೆ.

ಮೇ ತಿಂಗಳಲ್ಲಿ ಮಕ್ಕಳು ಅಜ್ಜಿಮನೆಯಲ್ಲಿ ಹನ್ನೊಂದಕ್ಕೆ ಮಲಗಿ ಒಂಬತ್ತಕ್ಕೆ ಏಳುತ್ತಿರುತ್ತಾರೆ. ಶಾಲೆಯ ಹಿಂದಿನ ರಾತ್ರಿ ಎಂಟಕ್ಕೆ ಮಲಗು ಅಂದರೆ ಯಾರಿಗೆ ನಿದ್ದೆ ಬಂದೀತು? ಕೆಲವು ವಾರ ಮುಂಚಿನಿಂದಲೇ ಮಲಗುವ, ಏಳುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ.

ಇನ್ನು ಆ ಬೆಳಗಿನ ಅಳು. ಇದಕ್ಕೆ ಬೀಜ ಬಿತ್ತುವವರು ಎಷ್ಟೋ ಸಲ ನಾವೇ. ‘ಹಠ ಮಾಡು, ಸ್ಕೂಲಿಗೆ ಹಾಕ್ತೀನಿ’, ‘ತಾಳು, ನಿಮ್ಮ ಮಿಸ್‌ಗೆ ಹೇಳ್ತೀನಿ’ ಅಂತ ಎರಡು ವರ್ಷ ಹೆದರಿಸಿ, ಆಮೇಲೆ ಅದೇ ಮಿಸ್ ಕೈಗೆ ಮಗುವನ್ನು ಕೊಡುತ್ತೇವೆ. ಗುಮ್ಮನ ಜಾಗದಲ್ಲಿ ಶಾಲೆಯನ್ನು ಕೂರಿಸುವುದು ಇವತ್ತೇ ನಿಲ್ಲಲಿ. ಗೇಟಿನಲ್ಲಿ ಕಣ್ಣು ತಪ್ಪಿಸಿ ಓಡಿಬರುವುದಂತೂ ಬೇಡವೇ ಬೇಡ. ಆ ಕ್ಷಣದ ಅಳು ತಪ್ಪುತ್ತದೆ ನಿಜ, ಆದರೆ ಅಮ್ಮ ಹೇಳದೆ ಮಾಯವಾಗುತ್ತಾಳೆ ಎಂದು ಗೊತ್ತಾದ ಮಗು ಮಾರನೇ ದಿನದಿಂದ ಮನೆಯಲ್ಲೂ ಸೆರಗು ಬಿಡುವುದಿಲ್ಲ. ಹೇಳಿಯೇ ಹೊರಡಿ, ಚುಟುಕಾಗಿ ಹೇಳಿ. ‘ಹನ್ನೆರಡೂವರೆಗೆ ಬರ್ತೀನಿ’ ಅನ್ನುವುದು ಗಡಿಯಾರ ತಿಳಿಯದ ಮಗುವಿಗೆ ಏನೂ ಹೇಳುವುದಿಲ್ಲ. ‘ತಿಂಡಿ ತಿನ್ನು, ಆಟ ಆಡು, ಬ್ಯಾಗ್ ಹಾಕ್ಕೋ ಅಂತ ಮಿಸ್ ಅಂತಾರೆ, ಆಗ ಅಮ್ಮ ಬಂದಿರ್ತೀನಿ’ ಅನ್ನಿ. ಹೇಳಿದಂತೆ ಬಂದಿರಿ, ಮೊದಲ ಹದಿನೈದು ದಿನ ಐದು ನಿಮಿಷ ಮುಂಚೆಯೇ. ಅಮ್ಮನನ್ನು ಕಂಡರೆ ಅಳು ಹೆಚ್ಚುವ ಮಗುವನ್ನು ಅಪ್ಪನೋ ತಾತನೋ ಬಿಟ್ಟುಬರಲಿ. ಆಟೋ ಅಥವಾ ವ್ಯಾನಿನಲ್ಲಿ ಕಳಿಸುವುದಾದರೆ ಡ್ರೈವರ್ ಅಂಕಲ್ ಯಾರೆಂದು ಮೊದಲೇ ಪರಿಚಯ ಮಾಡಿಸಿ, ತನ್ನ ಹೆಸರು, ಅಪ್ಪ ಅಮ್ಮನ ಹೆಸರು, ಊರು, ಬೀದಿ ಹೇಳುವುದು ಮಗುವಿಗೆ ಬರಲಿ.

ಮೊದಲ ವಾರ ನಗುನಗುತ್ತಾ ಹೋದ ಮಗು ಎರಡನೇ ವಾರ ಅಳಲು ಶುರುಮಾಡಬಹುದು. ಹೊಸತನ ಮುಗಿದು, ಇದು ದಿನಾ ಇರುವಂಥದ್ದೇ ಅಂತ ಆಗ ಅದಕ್ಕೆ ತಿಳಿಯುತ್ತದೆ. ಸೋಮವಾರಗಳಲ್ಲಿ, ದಸರಾ ರಜೆಯ ನಂತರ ಮತ್ತೆ ಮರುಕಳಿಸಿದರೂ ಗಾಬರಿ ಬೇಡ. ಜೂನ್ ಮಳೆ, ಹೊಸ ಮಕ್ಕಳ ಗುಂಪು ಎರಡೂ ಸೇರಿ ನೆಗಡಿ ಕೆಮ್ಮು ಬರುವುದು ಇದ್ದದ್ದೇ. ಸಂಜೆ ‘ಇವತ್ತು ಏನು ಕಲಿತೆ’ ಅಂತ ವಿಚಾರಣೆಗೆ ಕೂರಿಸದೆ, ‘ಯಾರ ಪಕ್ಕ ಕೂತಿದ್ದೆ?’ ಅಂತ ಕೇಳಿ ನೋಡಿ, ಮಾತು ಹೊರಡುತ್ತದೆ.

ತಿಂಗಳು ಕಳೆದರೂ ಅಳು ನಿಲ್ಲದಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂದರೆ, ಮೊದಲು ಮಿಸ್ ಹತ್ತಿರ ಕೂತು ಮಾತಾಡಿ. ನಾಲ್ಕು ತುಂಬಿದರೂ ಮಗುವಿನ ಮಾತು ಹೊರಗಿನವರಿಗೆ ಅರ್ಥವಾಗದಿದ್ದರೆ, ಹಿಂದಿನಿಂದ ಕರೆದಾಗ ತಿರುಗದಿದ್ದರೆ ಶಾಲೆ ಶುರುವಾಗುವವರೆಗೆ ಕಾಯದೆ ಕಿವಿ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ವೈದ್ಯರನ್ನು ಕಂಡು ಕೇಳಬಹುದು.